ಬಚ್ಚಿಡದ ಗುಟ್ಟು

ಕನ್ನಡದಲ್ಲಿ ಅರ್ಜಿ ಸಲ್ಲಿಸುವ ಹಕ್ಕು, ಶಾಲೆಯ ವರ್ಗಾವಣೆ ಪತ್ರ, ಜನ್ಮದಿನಾಂಕದ ತಿದ್ದುಪಡಿ ಮೊದಲಾದ ವಿಷಯಗಳನ್ನೇ ಈ ಅಂಕಣದಲ್ಲಿ ಓದಿ ಅಭ್ಯಾಸವಾದವರು ಈ ವಾರ ಜಪಾನಿನ ಒಂದು ಅನಿಮೇಷನ್ ಸರಣಿಯ ಹೆಸರನ್ನು ಕಂಡು ಹುಬ್ಬೇರಿಸಬಹುದು. ನನ್ನ ಕಕ್ಷಿದಾರರಲ್ಲಿ ಕೆಲವರಂತೂ ಖಂಡಿತ ಹುಬ್ಬೇರಿಸುತ್ತಾರೆ. ಆದರೂ ಬರೆಯುತ್ತಿದ್ದೇನೆ. ಮಗಳ ಒತ್ತಾಯಕ್ಕೆ ಅರ್ಧ ಮನಸ್ಸಿನಿಂದ ನೋಡಲು ಕುಳಿತ ಹನ್ನೆರಡು ಕಂತುಗಳು ಕಳೆದ ಒಂದು ತಿಂಗಳಿನಿಂದ ನನ್ನ ತಲೆಯಿಂದ ಇಳಿದಿಲ್ಲ.

ಪ್ರೌಢಶಾಲೆಯ ಹುಡುಗಿಯೊಬ್ಬಳು ತಾನು ಮೆಚ್ಚಿದ ಸಹಪಾಠಿಯ ಎದುರು ನಿಂತಿದ್ದಾಳೆ. ಹೆಸರು ಚಿಯೊ ಸಾಕುರಾ. ಗಿಡ್ಡ ದೇಹ, ತಲೆಯಲ್ಲಿ ಚುಕ್ಕೆಗಳಿರುವ ಎರಡು ದೊಡ್ಡ ಕೆಂಪು ರಿಬ್ಬನ್. ಹುಡುಗನ ಹೆಸರು ಉಮೆತಾರೊ ನೋಝಾಕಿ. ಬಾಗಿಲಿನ ಎತ್ತರ, ಕಲ್ಲಿನಂಥ ಮುಖ, ಅಳೆದು ತೂಗಿದ ಮಾತು. 'ನಿನ್ನನ್ನು ಪ್ರೀತಿಸುತ್ತೇನೆ' ಎಂದು ಹೇಳಲು ಬಂದವಳು ಗಾಬರಿಯಲ್ಲಿ 'ನಾನು ನಿನ್ನ ಅಭಿಮಾನಿ' ಎಂದುಬಿಡುತ್ತಾಳೆ. ಹುಡುಗ ಒಂದು ಕ್ಷಣ ಮೌನವಾಗಿದ್ದು, ದಪ್ಪ ರಟ್ಟಿನ ಹಾಳೆಯೊಂದರ ಮೇಲೆ ಸಹಿ ಹಾಕಿ ಅವಳ ಕೈಗೆ ಕೊಡುತ್ತಾನೆ. ಅಭಿಮಾನಿ ಎಂದಳಲ್ಲ, ಹಸ್ತಾಕ್ಷರ ಕೊಟ್ಟ! ಅವಳಿಗೆ ತಲೆಬುಡ ತಿಳಿಯುವುದಿಲ್ಲ. ಮತ್ತೆ ಏನೋ ತೊದಲಿದಾಗ ಅವನು ಅವಳನ್ನು ಮನೆಗೇ ಕರೆದುಕೊಂಡು ಹೋಗುತ್ತಾನೆ. ಅವಳ ಎದೆ ಡವಗುಟ್ಟುತ್ತದೆ. ಮನೆಯಲ್ಲಿ ಅವಳನ್ನು ಮೇಜಿನ ಮುಂದೆ ಕೂರಿಸಿ, ಚಿತ್ರಗಳಿರುವ ಹಾಳೆಗಳನ್ನಿಟ್ಟು, ಗುರುತು ಮಾಡಿದ ಜಾಗಗಳಿಗೆ ಕಪ್ಪು ಶಾಯಿ ತುಂಬಲು ಹೇಳುತ್ತಾನೆ. ಪಾಪದ ಹುಡುಗಿ ಗಂಟೆಗಟ್ಟಲೆ ತುಂಬುತ್ತಾಳೆ. ಬಹಳ ಹೊತ್ತಿನ ಮೇಲೆ ಅವಳಿಗೆ ಹೊಳೆಯುತ್ತದೆ: ಈ ಮಹಾಶಯ ಚಿತ್ರಕಥೆಗಾರ. ಅದೂ ಹುಡುಗಿಯರ ಮಾಸಪತ್ರಿಕೆಯೊಂದರಲ್ಲಿ ನವಿರಾದ ಪ್ರೇಮಕಥೆಯನ್ನು ಧಾರಾವಾಹಿಯಾಗಿ ಬರೆಯುವ ಪ್ರಸಿದ್ಧ 'ಲೇಖಕಿ'. ಕಾವ್ಯನಾಮ ಯುಮೆನೊ ಸಾಕಿಕೊ.

ಸರಣಿಯ ಹೆಸರು 'ಗೆಕ್ಕಾನ್ ಶೋಜೊ ನೋಝಾಕಿ-ಕುನ್'. ಇಂಗ್ಲಿಷಿನಲ್ಲಿ ಹುಡುಕುವವರು 'ಮಂತ್ಲಿ ಗರ್ಲ್ಸ್ ನೋಝಾಕಿ-ಕುನ್' ಎಂದು ಹುಡುಕಬೇಕು. ಮಾಂಗಾ ಎಂದರೆ ಜಪಾನಿನ ಚಿತ್ರಕಥೆ, ಅನಿಮೆ ಎಂದರೆ ಅಲ್ಲಿನ ಅನಿಮೇಷನ್ ಎಂಬುದನ್ನು ಮಕ್ಕಳು ಬಲ್ಲರು, ದೊಡ್ಡವರಿಗಾಗಿ ಹೇಳುತ್ತಿದ್ದೇನೆ. ಇಝುಮಿ ತ್ಸುಬಾಕಿ ಎಂಬ ಲೇಖಕಿ 2011ರಲ್ಲಿ ಇದನ್ನು ಮಾಂಗಾ ರೂಪದಲ್ಲಿ ಆರಂಭಿಸಿದರು. ದೊಗಾ ಕೊಬೊ ಎಂಬ ಸ್ಟುಡಿಯೊ ಇದನ್ನು ಹನ್ನೆರಡು ಕಂತುಗಳ ಅನಿಮೆಯಾಗಿ ರೂಪಿಸಿತು. ನಿರ್ದೇಶಕಿ ಮಿತ್ಸುಯೆ ಯಾಮಾಝಾಕಿ. 2014ರ ಜುಲೈಯಿಂದ ಸೆಪ್ಟೆಂಬರ್ ತನಕ ಅದು ಜಪಾನಿನ ದೂರದರ್ಶನದಲ್ಲಿ ಪ್ರಸಾರವಾಯಿತು. ತ್ಸುಬಾಕಿಯವರೇ ಹುಡುಗಿಯರ ಮಾಂಗಾ ಪತ್ರಿಕೆಗೆ ವರ್ಷಗಟ್ಟಲೆ ಬರೆದವರು. ಆದ್ದರಿಂದ ಇಲ್ಲಿನ ನಗೆ ಹೊರಗಿನವರ ಅಣಕವಲ್ಲ, ತನ್ನ ಕಸುಬನ್ನು ತಾನೇ ಕಂಡು ನಕ್ಕ ನಗೆ.

ಇದನ್ನು ಪರಿಚಯಿಸುವವರೆಲ್ಲ 'ಗುಟ್ಟಾಗಿ ಮಾಂಗಾ ಬರೆಯುವ ವಿದ್ಯಾರ್ಥಿಯ ಕಥೆ' ಎನ್ನುತ್ತಾರೆ. ನನಗೆ ಆ 'ಗುಟ್ಟು' ಎಂಬ ಪದದ ಮೇಲೆಯೇ ಆಕ್ಷೇಪ. ನೋಝಾಕಿ ತನ್ನ ಕೆಲಸವನ್ನು ಬಚ್ಚಿಟ್ಟವನಲ್ಲ. ಕೇಳಿದವರಿಗೆ ಹೇಳಿದ್ದಾನೆ, ಯಾರೂ ನಂಬಲಿಲ್ಲ, ಅಷ್ಟೆ. ಇಷ್ಟು ಎತ್ತರದ, ಇಷ್ಟು ಬಿಗಿಮುಖದ ಹುಡುಗ ಹೂವು ಉದುರುವ ಪ್ರೇಮಕಥೆ ಬರೆಯುವುದುಂಟೇ ಎಂದು ಲೋಕ ತೀರ್ಮಾನಿಸಿಬಿಟ್ಟಿದೆ. ಗುಟ್ಟು ಅವನ ಜೇಬಿನಲ್ಲಿಲ್ಲ, ನೋಡುವವರ ಕಣ್ಣಿನಲ್ಲಿದೆ. ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ, ಸಾಕ್ಷಿ ಕಟಕಟೆಯಲ್ಲಿ ನಿಂತು ಸತ್ಯವನ್ನೇ ನುಡಿದಿದ್ದಾನೆ. ನ್ಯಾಯಾಧೀಶರು ಮುಖ ನೋಡಿಯೇ ಸಾಕ್ಷ್ಯವನ್ನು ತಳ್ಳಿಹಾಕಿದ್ದಾರೆ.

ಈ ಮಾತು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ. ಏಕೆಂದರೆ ಆ ನ್ಯಾಯಾಧೀಶ ನಾನೇ.

ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಳೆ. ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಅವಳ ಗಣಿತದ ರಫ್ ಪುಸ್ತಕವನ್ನು ತಿರುವಿಹಾಕಿದಾಗ ಹಿಂದಿನ ಅರ್ಧದಲ್ಲಿ ಲೆಕ್ಕಗಳಿರಲಿಲ್ಲ. ಚೌಕಗಳಿದ್ದವು, ಚೌಕಗಳೊಳಗೆ ಮನುಷ್ಯರಿದ್ದರು, ಮನುಷ್ಯರ ಬಾಯಿಯಿಂದ ಗುಳ್ಳೆಗಳೇಳುತ್ತಿದ್ದವು. 'ಇದನ್ನು ನಮ್ಮಿಂದ ಯಾಕೆ ಬಚ್ಚಿಟ್ಟೆ?' ಎಂದು ಗದರಿಸಿದೆ. ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. 'ಆರನೆಯಲ್ಲಿರುವಾಗ ನಿಮಗೆ ತೋರಿಸಿದ್ದೆನಲ್ಲ ಅಪ್ಪ. ಚೆನ್ನಾಗಿದೆ ಅಂದಿರಿ. ಫೋನಿನಲ್ಲಿ ಮಾತಾಡುತ್ತಿದ್ದಿರಿ' ಎಂದಳು. ನನಗೆ ಅದರ ನೆನಪೇ ಇರಲಿಲ್ಲ. ಎದುರು ವಕೀಲರ ಮೂರು ವರ್ಷ ಹಿಂದಿನ ಮಾತನ್ನು ಅಕ್ಷರಶಃ ನೆನಪಿಟ್ಟುಕೊಳ್ಳುವ ನನಗೆ ಇದು ಮರೆತುಹೋಗಿತ್ತು. ಆ ವಾರಾಂತ್ಯದಲ್ಲಿ ಅವಳು ಈ ಸರಣಿಯ ಮೊದಲ ಕಂತನ್ನು ನನಗೆ ತೋರಿಸಿದಳು. ಯಾಕೆ ಇದನ್ನೇ ತೋರಿಸಿದಳೆಂದು ನಾನು ಕೇಳಲಿಲ್ಲ.

ನೋಡುತ್ತ ನೋಡುತ್ತ ನನಗೆ ನೆನಪಾದವನು ಮುದ್ದಣ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ಬೆಳಿಗ್ಗೆ ಮಕ್ಕಳಿಗೆ ಕವಾಯತು ಮಾಡಿಸುವ ಮನುಷ್ಯ ರಾತ್ರಿ ಕುಳಿತು ಹಳಗನ್ನಡದಲ್ಲಿ ಕಾವ್ಯ ರಚಿಸುತ್ತಿದ್ದಾನೆಂದು ಯಾರು ಊಹಿಸಿಯಾರು? ಅವನು ತನ್ನ ಹೆಸರನ್ನು ಮರೆಮಾಡಿ, ಯಾವುದೋ ಹಳೆಯ ಕವಿಯ ಕೃತಿಗಳೆಂಬಂತೆ ಅವನ್ನು ಮೈಸೂರಿಗೆ ಕಳುಹಿಸಿದ. ವಿದ್ವಾಂಸರು ಪ್ರಾಚೀನ ಕೃತಿಗಳೆಂದೇ ಓದಿದರು. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ಅವನು ಕ್ಷಯರೋಗಕ್ಕೆ ತುತ್ತಾದ. ಶ್ರೀರಾಮಾಶ್ವಮೇಧದ ಮುದ್ದಣ ಮನೋರಮೆಯರ ಸಲ್ಲಾಪವನ್ನು ನಮ್ಮ ಮಕ್ಕಳು ಪಾಠವಾಗಿ ಓದುತ್ತಾರೆ, ಅಂಕಕ್ಕಾಗಿ ಓದುತ್ತಾರೆ. ಅದು ಗಂಡಹೆಂಡಿರ ನಡುವಿನ ಕೀಟಲೆ, ಕನ್ನಡದ ಅತ್ಯುತ್ತಮ ಪ್ರಣಯಹಾಸ್ಯಗಳಲ್ಲೊಂದು ಎಂದು ಯಾರೂ ಅವರಿಗೆ ಹೇಳುವುದಿಲ್ಲ. ಡ್ರಿಲ್ ಮಾಸ್ತರನೊಬ್ಬ ಅದನ್ನು ಗುಟ್ಟಾಗಿ ಬರೆದನೆಂದು ಮೊದಲು ಹೇಳಿ ನೋಡಿ, ತರಗತಿಯ ಕೊನೆಯ ಬೆಂಚೂ ಕಿವಿಗೊಡುತ್ತದೆ.

ಮರಳಿ ನೋಝಾಕಿಯ ಶಾಲೆಗೆ ಬರೋಣ. ಅಲ್ಲಿ ಅವನೊಬ್ಬನೇ ಅಲ್ಲ, ಪ್ರತಿಯೊಬ್ಬರೂ ಹೊರಗೊಂದು ಒಳಗೊಂದು. ಮಿಕೊತೊ ಮಿಕೊಶಿಬಾ ಎಂಬ ರೂಪವಂತ ಹುಡುಗ ಸಿನಿಮಾ ನಾಯಕನಂತೆ ಹುಡುಗಿಯರಿಗೆ ಮಾತೆಸೆಯುತ್ತಾನೆ, ಮರುಕ್ಷಣವೇ ತನ್ನ ಮಾತಿಗೆ ತಾನೇ ನಾಚಿ ಮುಖ ಮುಚ್ಚಿಕೊಳ್ಳುತ್ತಾನೆ. ಮನೆಯಲ್ಲಿ ಅವನು ಪುಟ್ಟ ಗೊಂಬೆಗಳನ್ನು ಕೂಡಿಡುವವನು, ಪ್ರಣಯದ ವಿಡಿಯೊ ಆಟಗಳನ್ನಾಡುವವನು. ನೋಝಾಕಿಯ ಕಥೆಯ ನಾಯಕಿ ಮಾಮಿಕೊ ಲಕ್ಷಾಂತರ ಓದುಗಿಯರ ಕಣ್ಮಣಿಯಂತೆ; ಅವಳ ನಾಚಿಕೆ, ತಡವರಿಕೆ ಎಲ್ಲವೂ ಈ ಹುಡುಗನನ್ನು ನೋಡಿ ಬರೆದದ್ದು! ಪಾಪ, ಅದು ಅವನಿಗೇ ತಿಳಿಯದು. ಕಾಶಿಮಾ ಎಂಬ ಎತ್ತರದ ಹುಡುಗಿಯನ್ನು ಶಾಲೆಯ ಹುಡುಗಿಯರೆಲ್ಲ 'ರಾಜಕುಮಾರ' ಎಂದು ಮುತ್ತಿಕೊಳ್ಳುತ್ತಾರೆ. ಅವಳನ್ನು ದಿನವೂ ಬೈದು ಅಭ್ಯಾಸಕ್ಕೆ ಎಳೆದೊಯ್ಯುವ ನಾಟಕ ಸಂಘದ ಅಧ್ಯಕ್ಷ ಹೋರಿ, ನೋಝಾಕಿಗೆ ಹಿನ್ನೆಲೆಯ ಕಟ್ಟಡ ಮರಗಳನ್ನು ಬರೆದುಕೊಡುತ್ತಾನೆ. ಪ್ರತಿಫಲ ಹಣವಲ್ಲ, ನಾಟಕ ಸಂಘಕ್ಕೆ ಒಂದು ನಾಟಕದ ಹಸ್ತಪ್ರತಿ. ನಮ್ಮ ಊರಿನ ಕಲಾಸಂಘಗಳಲ್ಲಿ ನಡೆಯುವ ವಿನಿಮಯಕ್ಕೂ ಇದಕ್ಕೂ ಏನೂ ಅಂತರವಿಲ್ಲ.

ನನಗೆ ಅತ್ಯಂತ ಇಷ್ಟವಾದದ್ದು ಸೆವೊ ಮತ್ತು ವಾಕಾಮಾತ್ಸು ಜೋಡಿ. ಸೆವೊ ಎಂಬ ಹುಡುಗಿ ಗಂಡುಬೀರಿ, ಎದುರಿನವರ ಮನಸ್ಸಿನ ಗೊಡವೆಯೇ ಇಲ್ಲದವಳು. ಬಾಸ್ಕೆಟ್‌ಬಾಲ್ ಅಂಗಳಕ್ಕೆ ನುಗ್ಗಿ ವಾಕಾಮಾತ್ಸುವಿನ ಮೈಗೇ ಚೆಂಡೆಸೆಯುತ್ತಾಳೆ. ಅವಳ ಕಾಟದಿಂದ ಆ ಸಾಧು ಹುಡುಗನಿಗೆ ರಾತ್ರಿ ನಿದ್ದೆಯೇ ಬಾರದ ಸ್ಥಿತಿ. ಕೊನೆಗೆ ಅವನನ್ನು ನಿದ್ದೆಗೆ ಜಾರಿಸುವುದು ಒಂದು ಹಾಡಿನ ಧ್ವನಿಮುದ್ರಣ. ಗಾಯನ ಸಂಘದ 'ಲೊರೆಲೈ' ಎಂಬ ಅಜ್ಞಾತ ಗಾಯಕಿಯ ದೇವಕಂಠವದು. ಆ ಕಂಠಕ್ಕೆ ಮಾರುಹೋದವನಿಗೆ ಲೊರೆಲೈ ಎಂದರೆ ಸೆವೊ ಎಂದು ಗೊತ್ತಿಲ್ಲ. ಉಳಿದವರಿಗೆ ಗೊತ್ತು, ಅವನ ಕನಸು ಒಡೆದೀತೆಂದು ಅವರು ಹೇಳುವುದಿಲ್ಲ. ಒಬ್ಬಳೇ ಹುಡುಗಿ ಅವನ ನಿದ್ದೆ ಕೆಡಿಸುವವಳೂ ಹೌದು, ನಿದ್ದೆ ಬರಿಸುವವಳೂ ಹೌದು. ನಗುತ್ತ ನಗುತ್ತ ಯೋಚಿಸಿದೆ: ನಮ್ಮ ಶಾಲೆಗಳ ಗುಣನಡತೆಯ ಪತ್ರದಲ್ಲಿ ಸೆವೊಳ ಬಗ್ಗೆ ಏನು ಬರೆಯುತ್ತಿದ್ದರು? 'ಶಿಸ್ತಿನ ಕೊರತೆ.' ಅದಕ್ಕಿಂತ ಹೆಚ್ಚು ಬರೆಯಲು ಆ ಪತ್ರದಲ್ಲಿ ಜಾಗವೂ ಇಲ್ಲ.

ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಮಿಕೊಶಿಬಾನ ಪ್ರಣಯದ ಆಟವನ್ನು ನೋಝಾಕಿಯೂ ಅವನೂ ಸೇರಿ ಇಡೀ ರಾತ್ರಿ ಆಡುತ್ತಾರೆ. ಆಟದಲ್ಲಿ ನಾಯಕನಿಗೆ ತೊಮೊದಾ ಎಂಬ ಗೆಳೆಯನಿದ್ದಾನೆ. ಯಾವ ಹುಡುಗಿಗೆ ಏನು ಇಷ್ಟ, ಯಾರ ಮನಸ್ಸು ಎಲ್ಲಿದೆ ಎಂದು ಕೇಳಿದಾಗಲೆಲ್ಲ ಮಾಹಿತಿ ಕೊಡುವುದಷ್ಟೇ ಅವನ ಕೆಲಸ. ಆಟದ ಉದ್ದೇಶ ಹುಡುಗಿಯರನ್ನು ಗೆಲ್ಲುವುದು. ಬೆಳಗಾಗುವ ಹೊತ್ತಿಗೆ ಈ ಇಬ್ಬರಿಗೆ ಹೊಳೆಯುವುದು ಬೇರೆಯೇ: ಇಷ್ಟೂ ದಿನ ಹಗಲಿರುಳು ಜೊತೆಗಿದ್ದು, ತನಗೆಂದು ಏನನ್ನೂ ಕೇಳದೆ ದುಡಿದವನು ತೊಮೊದಾ ಒಬ್ಬನೇ ಅಲ್ಲವೇ! ಅವನ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಲ್ಲ! ಇಬ್ಬರೂ ತೊಮೊದಾನಿಗಾಗಿ ಕಣ್ಣೀರಿಡುತ್ತಾರೆ. ಪಕ್ಕದಲ್ಲೇ ಕುಳಿತು ಹಾಳೆಗಳಿಗೆ ಕಪ್ಪು ತುಂಬುವ ಚಿಯೊಳ ಬಗ್ಗೆ ನೋಝಾಕಿ ಎಂದಾದರೂ ಹೀಗೆ ಯೋಚಿಸಿದ್ದಾನೆಯೇ? ಇಲ್ಲ. ಸರಣಿ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಹುಡುಗಿಯರಿಗಾಗಿ ಗಂಡಸರು ಮಾಂಗಾ ಬರೆಯುವುದು ಜಪಾನಿನಲ್ಲಿ ಹೊಸತೇನಲ್ಲ. ಒಸಾಮು ತೆಝುಕಾ 1953ರಲ್ಲೇ ರಾಜಕುಮಾರಿಯೊಬ್ಬಳು ಗಂಡು ವೇಷ ತೊಟ್ಟು ಕತ್ತಿ ಹಿಡಿಯುವ ಕಥೆಯನ್ನು ಹುಡುಗಿಯರ ಪತ್ರಿಕೆಗೆ ಬರೆದರು. ಆ ಕಾಲದಲ್ಲಿ ಇಂಥ ಪತ್ರಿಕೆಗಳಿಗೆ ಬರೆಯುತ್ತಿದ್ದವರು ಬಹುಪಾಲು ಗಂಡಸರೇ. 1970ರ ದಶಕದಲ್ಲಿ ಮೊತೊ ಹಾಗಿಯೊ, ಕೇಕೊ ತಾಕೆಮಿಯಾ ಮೊದಲಾದ ಯುವತಿಯರು ಬಂದು ಆ ಪ್ರಕಾರದ ಚಹರೆಯನ್ನೇ ಬದಲಿಸಿದರು. ಆಮೇಲೆ ಅದು ಹೆಂಗಸರ ಕ್ಷೇತ್ರವೆಂದೇ ರೂಢಿಯಾಯಿತು. ನೋಝಾಕಿಯ ಕಾವ್ಯನಾಮದ ತಮಾಷೆಯ ಹಿಂದೆ ಈ ಚರಿತ್ರೆಯಿದೆ.

ಆದರೆ ಈ ಸರಣಿಯನ್ನು ನಾನು ಹೆತ್ತವರಿಗೆ ಶಿಫಾರಸು ಮಾಡುವುದು ಬೇರೊಂದು ಕಾರಣಕ್ಕೆ. ಹವ್ಯಾಸ ಎಂದು ನಾವು ಕೈಬೀಸಿ ತಳ್ಳುವ ವಸ್ತುವಿನೊಳಗೆ ಎಷ್ಟು ದುಡಿಮೆಯಿದೆಯೆಂಬುದನ್ನು ಇದು ನಗಿಸುತ್ತಲೇ ತೋರಿಸುತ್ತದೆ. ಮೊದಲು ಕಥೆಯ ಒರಟು ನಕ್ಷೆ. ಅದನ್ನು ಸಂಪಾದಕ ನೋಡಿ ಒಪ್ಪಬೇಕು. ಒಪ್ಪಿದ ಮೇಲೆ ಪೆನ್ಸಿಲಿನ ಗೆರೆ, ಅದರ ಮೇಲೆ ಶಾಯಿಯ ಗೆರೆ. ತಲೆಗೂದಲು, ನೆರಳು ಮುಂತಾದೆಡೆ ಕಪ್ಪು ತುಂಬುವುದು ಚಿಯೊಳ ಪಾಲು. ನಾಯಕಿಯ ಸುತ್ತ ಅರಳುವ ಹೂಗಳು ಮಿಕೊಶಿಬಾನ ಪಾಲು. ಬೂದುಬಣ್ಣದ ಛಾಯೆಗಾಗಿ ಚುಕ್ಕಿಗಳಿರುವ ಅಂಟುಹಾಳೆಯನ್ನು ಚಿತ್ರದ ಆಕಾರಕ್ಕೆ ಕತ್ತರಿಸಿ ಅಂಟಿಸಬೇಕು, ಅದು ವಾಕಾಮಾತ್ಸುವಿನದು. ಇಷ್ಟೂ ಗಡುವಿನೊಳಗೆ ಮುಗಿಯಬೇಕು. ಕೆನ್ ಎಂಬ ಸಂಪಾದಕ ಮಿತಭಾಷಿ, ಕಟ್ಟುನಿಟ್ಟಿನವನು, ಹೊಗಳಿಕೆಯೆಂಬುದು ಅವನ ಬಾಯಲ್ಲಿಲ್ಲ. ನೋಝಾಕಿಗೆ ಅವನೆಂದರೆ ಪ್ರಾಣ. ಏಕೆಂದರೆ ಹಿಂದಿನ ಸಂಪಾದಕ ಮಾಯೆನೊನನ್ನು ಅವನು ಅನುಭವಿಸಿದ್ದಾನೆ. ಆ ಮಹಾನುಭಾವನಿಗೆ ತಾನುಕಿ ಎಂಬ ಜಪಾನಿನ ಕಾಡುಪ್ರಾಣಿಯೆಂದರೆ ಹುಚ್ಚು. ಈಗ ಅವನ ಕೈಗೆ ಸಿಕ್ಕಿರುವವಳು ಮಿಯಾಕೊ ಎಂಬ ಇನ್ನೊಬ್ಬ ಲೇಖಕಿ. ಪ್ರೇಮಕಥೆಯ ಯಾವ ದೃಶ್ಯಕ್ಕೆ ತಾನುಕಿಯನ್ನು ತುರುಕುವುದೆಂದು ಅವಳು ತಲೆ ಕೆಡಿಸಿಕೊಳ್ಳಬೇಕು. ಕೈಕೆಳಗಿನವರ ಕೆಲಸದೊಳಗೆ ತನ್ನ ಗೀಳನ್ನು ತೂರಿಸುವ ಮೇಲಧಿಕಾರಿಯನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ?

ಇನ್ನು, ವಕೀಲನಾಗಿ ನಾನು ಎದ್ದು ಕುಳಿತ ದೃಶ್ಯ. ನಾಯಕ ನಾಯಕಿಯರು ಒಂದೇ ಸೈಕಲಿನಲ್ಲಿ ಮನೆಗೆ ಹೋಗುವ ದೃಶ್ಯ ಪ್ರೇಮಕಥೆಗಳಲ್ಲಿ ಮಾಮೂಲು. ನೋಝಾಕಿಗೂ ಅದು ಬೇಕು. ಆದರೆ ಜಪಾನಿನ ಸಂಚಾರ ನಿಯಮಗಳ ಪ್ರಕಾರ, ಚಿಕ್ಕ ಮಕ್ಕಳನ್ನು ಕೂರಿಸಿಕೊಳ್ಳುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಾಮಾನ್ಯ ಸೈಕಲಿನಲ್ಲಿ ಇಬ್ಬರು ಸವಾರಿ ಮಾಡುವಂತಿಲ್ಲ. ಎಳೆಯ ಹುಡುಗಿಯರು ಓದುವ ಪತ್ರಿಕೆಯಲ್ಲಿ ನಾಯಕ ಕಾನೂನು ಮುರಿಯುವುದೆಂತು? ಹಾಗಾಗಿ ನೋಝಾಕಿ ಎರಡು ಆಸನ, ಎರಡು ಜೊತೆ ಪೆಡಲುಗಳಿರುವ ಜೋಡಿ ಸೈಕಲ್ ತಂದು, ಚಿಯೊಳನ್ನು ಹತ್ತಿಸಿಕೊಂಡು ಪರೀಕ್ಷಿಸಿಯೇ ಬಿಡುತ್ತಾನೆ. ಕಾನೂನು ಉಳಿಯಿತು, ಪ್ರಣಯ ಎಲ್ಲಿಗೆ ಹೋಯಿತೋ! ನಾನು ಬಿದ್ದು ಬಿದ್ದು ನಕ್ಕೆ. ನಮ್ಮ ಮೋಟಾರು ವಾಹನ ಕಾಯ್ದೆಯ 128ನೆಯ ಕಲಮಿನಂತೆ ದ್ವಿಚಕ್ರ ವಾಹನದ ಚಾಲಕ ತನ್ನ ಹಿಂದೆ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸುವಂತಿಲ್ಲ. ಆ ಕಲಮನ್ನು ನೆನೆದು ಹಾಡಿನ ದೃಶ್ಯವನ್ನು ತಿದ್ದಿದ ಒಬ್ಬ ನಿರ್ದೇಶಕನನ್ನು ನಾನಿನ್ನೂ ಕಂಡಿಲ್ಲ.

ಹಾಗೆಂದು ಸರಣಿ ಕಾನೂನಿನಲ್ಲಿ ಪೂರ್ತಿ ನಿಷ್ಠವೆಂದೂ ಅಲ್ಲ. ಕಥೆ ಪ್ರಸಾರವಾದ ಕಾಲಕ್ಕೆ ಜಪಾನಿನಲ್ಲಿ ಪ್ರಾಪ್ತ ವಯಸ್ಸು 20. ಅದು 18ಕ್ಕೆ ಇಳಿದದ್ದು 2022ರ ಏಪ್ರಿಲ್‌ನಲ್ಲಿ. ಅಪ್ರಾಪ್ತನ ಒಪ್ಪಂದಕ್ಕೆ ಅಲ್ಲಿ ಪೋಷಕರ ಸಮ್ಮತಿ ಬೇಕು. ನೋಝಾಕಿ ಒಬ್ಬನೇ ಬಾಡಿಗೆಯ ಮನೆಯಲ್ಲಿ ವಾಸಿಸುತ್ತಾನೆ, ಸಂಪಾದಕರು ಬರುತ್ತಾರೆ ಹೋಗುತ್ತಾರೆ, ಹೆತ್ತವರ ಸುಳಿವಿಲ್ಲ. ಕರಾರಿಗೆ ಸಹಿ ಹಾಕಿದವರು ಯಾರೆಂಬ ಪ್ರಶ್ನೆ ನನ್ನನ್ನು ಕೊನೆಯ ಕಂತಿನ ತನಕ ಕಾಡಿತು. ನಮ್ಮಲ್ಲಾದರೆ 1872ರ ಕರಾರು ಕಾಯ್ದೆಯ 11ನೆಯ ಕಲಮಿನಡಿ ಅಪ್ರಾಪ್ತನಿಗೆ ಕರಾರು ಮಾಡುವ ಸಾಮರ್ಥ್ಯವೇ ಇಲ್ಲ. ಅಂಥ ಕರಾರು ಆರಂಭದಿಂದಲೇ ಶೂನ್ಯವೆಂದು ಪ್ರಿವಿ ಕೌನ್ಸಿಲ್ 1903ರಲ್ಲೇ ತೀರ್ಪಿತ್ತಿದೆ. ಆದರೆ ಓದುಗರು ಗಮನಿಸಬೇಕಾದ ಇನ್ನೊಂದು ಮಗ್ಗುಲಿದೆ. ಕೃತಿಸ್ವಾಮ್ಯಕ್ಕೆ ವಯಸ್ಸಿನ ಮಿತಿಯಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸ್ವಂತವಾಗಿ ಚಿತ್ರ ಬರೆದ ಕ್ಷಣದಲ್ಲೇ ಅದರ ಹಕ್ಕು ಬರೆದವರಿಗೆ ಹುಟ್ಟುತ್ತದೆ, ನೋಂದಣಿಯೂ ಕಡ್ಡಾಯವಲ್ಲ. ಕಾವ್ಯನಾಮದಲ್ಲಿ ಪ್ರಕಟಿಸಿದರೂ ಹಕ್ಕು ಹೋಗದು. ಕಾಯ್ದೆಯ ಒಂದು ಮಾತಂತೂ ನನಗೆ ಈಗ ಹೊಸ ಅರ್ಥದಲ್ಲಿ ಕೇಳಿಸುತ್ತಿದೆ: ರೇಖಾಚಿತ್ರವೊಂದು ಕಲಾಕೃತಿ ಎನಿಸಿಕೊಳ್ಳಲು ಅದರಲ್ಲಿ ಕಲಾಗುಣ ಇರಲೇಬೇಕೆಂದಿಲ್ಲ. ರಫ್ ಪುಸ್ತಕದ ಹಿಂದಿನ ಹಾಳೆಯ ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂದು ಶಾಸನವೇ ಕೇಳುವುದಿಲ್ಲ. ಅಪ್ಪ ಕೇಳುತ್ತಾನೆ.

ಇಷ್ಟೆಲ್ಲ ಇದ್ದರೂ ಈ ಸರಣಿಗೆ ನಮ್ಮ ಮಕ್ಕಳ ಪಟ್ಟಿಯಲ್ಲಿ ಹಿಂದಿನ ಸಾಲು. ಅವರ ಬಾಯಲ್ಲಿರುವುದು ನರುಟೊ, ಡೀಮನ್ ಸ್ಲೇಯರ್, ಜುಜುತ್ಸು ಕೈಸೆನ್. ಇಲ್ಲಿ ಕತ್ತಿಯಿಲ್ಲ, ಶಾಪವಿಲ್ಲ, ಲೋಕರಕ್ಷಣೆಯ ಹೊಣೆಯಿಲ್ಲ. ಗಡುವೊಂದೇ ರಾಕ್ಷಸ. ಜುಜುತ್ಸುವಿನ ಅಭಿಮಾನಿಗಳಿಗೆ ಒಂದು ಆಮಿಷ ಒಡ್ಡುತ್ತೇನೆ: ಅದರಲ್ಲಿ ಗೊಜೊ ಸತೋರುವಿಗೆ ಧ್ವನಿ ನೀಡಿದ ಯೂಯಿಚಿ ನಾಕಾಮುರಾ ಅವರೇ ಇಲ್ಲಿ ನೋಝಾಕಿಯ ಧ್ವನಿ. ಲೋಪಗಳೂ ಇಲ್ಲದಿಲ್ಲ. ಮೂಲ ಮಾಂಗಾ ನಾಲ್ಕು ಚೌಕಗಳ ಕಿರುಘಟಕಗಳಲ್ಲಿ ಸಾಗುವಂಥದ್ದು, ಹೆಚ್ಚುಕಡಿಮೆ ನಮ್ಮ ಚುಟುಕದಂತೆ: ಎತ್ತಿಕೊಳ್ಳುವುದು, ಬೆಳೆಸುವುದು, ತಿರುಗಿಸುವುದು, ಮುಗಿಸುವುದು. ಅಂಥ ಚುಟುಕಗಳನ್ನು ಪೋಣಿಸಿ ಕಂತು ಮಾಡಿದಾಗ ಕೆಲವೆಡೆ ಒಂದೇ ನಗೆಯನ್ನು ಎರಡು ಸಲ ನಗಬೇಕಾಗುತ್ತದೆ. ಹನ್ನೆರಡನೆಯ ಕಂತು ಮುಗಿದಾಗಲೂ ಚಿಯೊಳ ಪ್ರೀತಿಯ ದಾವೆ ಇತ್ಯರ್ಥವಾಗಿರುವುದಿಲ್ಲ, ಮುಂದಿನ ಭಾಗವೂ ಬಂದಿಲ್ಲ. ಬಾಕಿ ಪ್ರಕರಣಗಳ ನಡುವೆಯೇ ಬದುಕುವ ನನಗೆ ಇದು ದೊಡ್ಡ ದೂರೇನಲ್ಲ, ಮಗಳಿಗೆ ಮಾತ್ರ ಸಿಟ್ಟಿದೆ.

ಭಾಷೆಯ ವಿಷಯ ಎತ್ತದಿದ್ದರೆ ಈ ಪತ್ರಿಕೆಯ ಓದುಗರು ನನ್ನನ್ನು ಕ್ಷಮಿಸಲಾರರು. ಇದು ಕನ್ನಡದಲ್ಲಿ ಲಭ್ಯವಿಲ್ಲ. ಜಪಾನಿ ಮಾತು, ಇಂಗ್ಲಿಷ್ ಅಡಿಬರಹ. 2025ರಲ್ಲಿ ಡೀಮನ್ ಸ್ಲೇಯರ್ ಚಲನಚಿತ್ರ ನಮ್ಮ ದೇಶದ ಚಿತ್ರಮಂದಿರಗಳಿಗೆ ಹಿಂದಿ, ತಮಿಳು, ತೆಲುಗು ಧ್ವನಿಗಳೊಂದಿಗೆ ಬಂತು. ಕನ್ನಡದ ಬಗ್ಗೆ ಕೇಳಿದರೆ ಮಾರುಕಟ್ಟೆಯಿಲ್ಲ ಎಂಬ ಉತ್ತರ ನಮಗೆಲ್ಲ ಕಂಠಪಾಠ. ಆ ವಾದವನ್ನು ಇನ್ನೊಮ್ಮೆ ಹೂಡುವ ಉತ್ಸಾಹ ಇಂದು ನನಗಿಲ್ಲ, ಏಕೆಂದರೆ ನಾನು ಮಗಳ ಪುಸ್ತಕವನ್ನು ಈಗ ಸರಿಯಾಗಿ ಓದಿದ್ದೇನೆ.

ಅವಳ ಕಥೆ ಕುಂಬಳೆಗೆ ಹೋಗುವ ಬಸ್ಸಿನಲ್ಲಿ ನಡೆಯುತ್ತದೆ. ಕಿಟಕಿ ಬದಿಯ ಒಂದೇ ಆಸನಕ್ಕಾಗಿ ದಿನವೂ ಜಗಳವಾಡುವ ಒಬ್ಬ ಹುಡುಗಿ, ಒಬ್ಬ ಹುಡುಗ. ಜಗಳ ಹೀಗಿದೆ: 'ದಯವಿಟ್ಟು ಸರಿದು ಕುಳಿತುಕೊಳ್ಳುವಿರಾ?' 'ಕ್ಷಮಿಸಿರಿ, ಈ ಸ್ಥಳವನ್ನು ನಾನು ಮೊದಲೇ ಆಕ್ರಮಿಸಿದ್ದೇನೆ.' ನನಗೆ ನಗು ತಡೆಯಲಾಗಲಿಲ್ಲ. ಕುಂಬಳೆಯ ಬಸ್ಸಿನಲ್ಲಿ ಯಾರು ಹೀಗೆ ಮಾತಾಡುತ್ತಾರೆಂದು ಕೇಳಿದೆ. ಮನೆಯಲ್ಲಿ ನಾವಾಡುವುದು ತುಳು. ತುಳುವಿನಲ್ಲೇ ಅವಳು ಕೊಟ್ಟ ಉತ್ತರವನ್ನು ಕನ್ನಡಕ್ಕೆ ತಿರುಗಿಸುತ್ತೇನೆ. 'ಬಸ್ಸಿನಲ್ಲಿ ಮಲಯಾಳ, ಮನೆಯಲ್ಲಿ ತುಳು. ನನಗೆ ಗೊತ್ತಿರುವ ಕನ್ನಡ ಪಾಠಪುಸ್ತಕದ್ದು. ಅದರಲ್ಲೇ ಜಗಳ ಮಾಡಿಸಬೇಕಲ್ಲ ಅಪ್ಪ.' ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದಿತ್ತಲ್ಲ ಎಂದೆ, ಪರೀಕ್ಷಿಸುವುದಕ್ಕಾಗಿಯೇ. ಅವಳು ನನ್ನ ಮುಖವನ್ನೊಮ್ಮೆ ನೋಡಿ, 'ಇದು ನನ್ನ ಕಥೆಯಲ್ಲವಾ?' ಎಂದಳು. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ನಾನು ಸಿದ್ಧಪಡಿಸಿದ ಮನವಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದರಲ್ಲೂ ಇಷ್ಟು ಚಿಕ್ಕ ವಾಕ್ಯವಿಲ್ಲ.

ಒತ್ತಕ್ಷರಗಳು ಗುಳ್ಳೆಯೊಳಗೆ ಹಿಡಿಸುವುದಿಲ್ಲವೆಂಬುದು ಅವಳ ಈಗಿನ ದೊಡ್ಡ ಸಮಸ್ಯೆ. 'ಆಕ್ರಮಿಸಿದ್ದೇನೆ' ಎಂಬ ಒಂದೇ ಪದ ಹುಡುಗನ ಕಿವಿಯ ತನಕ ಹರಡಿದೆ. ಗಣಿತದ ಅಂಕ ಏನಾಯಿತೆಂದು ಕೇಳುವವರಿಗೆ ಉತ್ತರ: ಕಳೆದ ಸಲದಷ್ಟೇ. ರಫ್ ಪುಸ್ತಕವನ್ನು ಗಣಿತಕ್ಕೆ ಬಿಟ್ಟುಕೊಡಬೇಕೆಂಬ ಷರತ್ತಿನ ಮೇಲೆ ಗೆರೆಗಳಿಲ್ಲದ ಬೇರೊಂದು ಪುಸ್ತಕ ತಂದುಕೊಟ್ಟಿದ್ದೇನೆ. ಷರತ್ತಿಗೆ ಇಬ್ಬರೂ ಸಹಿ ಹಾಕಿದ್ದೇವೆ. ಅಪ್ರಾಪ್ತಳ ಕರಾರು ಶೂನ್ಯವೆಂದು ಅವಳಿಗಿನ್ನೂ ಹೇಳಿಲ್ಲ.

ಕಳೆದ ಭಾನುವಾರ ನನಗೂ ಒಂದು ಕೆಲಸ ಕೊಡೆಂದು ಕೇಳಿದೆ. ಕಪ್ಪು ತುಂಬುವುದನ್ನು ಕೊಡಲಿಲ್ಲ, ಅದು ನಂಬಿಕೆಯವರಿಗೆ ಕೊಡುವ ಕೆಲಸವಂತೆ. ರಬ್ಬರು ಕೊಟ್ಟಳು. ಶಾಯಿಯ ಗೆರೆ ಒಣಗಿದ ಮೇಲೆ ಅಡಿಯಲ್ಲುಳಿದ ಪೆನ್ಸಿಲಿನ ಗೆರೆಗಳನ್ನು ಅಳಿಸಬೇಕು. ಎಷ್ಟು ಹೊತ್ತು ಒಣಗಬೇಕೆಂದು ಹೇಳಿದ್ದಳು, ನಾನು ಕೇಳಿಸಿಕೊಂಡಿರಲಿಲ್ಲ. ಕಿಟಕಿ ಬದಿಯಲ್ಲಿ ಕುಳಿತಿದ್ದ ಹುಡುಗಿಯ ಮುಖ ಬಸ್ಸಿನ ಹೊರಗಿನ ತನಕ ಕಲಸಿಹೋಯಿತು. ಮಗಳು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. 'ಇರಲಿ, ಈ ಚೌಕದಲ್ಲಿ ಮಳೆ ಬರಿಸುತ್ತೇನೆ' ಎಂದು, ಪೆನ್ನು ಎತ್ತಿಕೊಂಡಳು.